ಕಿವಿ ಮುಟ್ಟಿದ ಕೈ

ನಂಜನಗೂಡಿನಲ್ಲಿ ನನ್ನನ್ನು ಶಾಲೆಗೆ ಸೇರಿಸಲು ಅಬ್ಬಾ ಕರೆದೊಯ್ದಾಗ, ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರಂತೆ. ಬೆರಳು ಕಿವಿಗೆ ತಾಗಿತು. ನನಗೆ ವಯಸ್ಸಾಗಿದೆ ಎಂದು ತೀರ್ಮಾನವಾಯಿತು. ರಿಜಿಸ್ಟರಿನಲ್ಲಿ ಹುಟ್ಟಿದ ದಿನ ಜೂನ್ 1 ಎಂದು ಬಿತ್ತು. ಅಮ್ಮಿಯ ಲೆಕ್ಕವೇ ಬೇರೆ. ಅವರ ತವರು ಟಿ. ನರಸೀಪುರ. ಹೊಳೆ ತುಂಬಿ ಸಂಗಮದ ಮೆಟ್ಟಿಲುಗಳು ಮುಳುಗಿದ್ದ ದಿನ ನಾನು ಹುಟ್ಟಿದ್ದು ಎನ್ನುತ್ತಾರೆ. ಜೂನ್ ಒಂದಕ್ಕೆ ಯಾವ ಹೊಳೆ ತುಂಬುತ್ತದೆ? ನನ್ನ ಓರಗೆಯ ಎಷ್ಟೋ ಜನ ಹೀಗೆ ಒಂದೇ ದಿನ ಹುಟ್ಟಿದವರು.

ಉಗಾಂಡದ ಡೊಮಿನಿಕ್ ಒಂಗ್ವೆನ್‌ನ ಮೊಕದ್ದಮೆಯ ಬಗ್ಗೆ ಓದುವಾಗ ಇದೆಲ್ಲ ನೆನಪಾಯಿತು. 1987ರಲ್ಲಿ, ಸುಮಾರು ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಶಾಲೆಗೆ ಹೋಗುವ ದಾರಿಯಲ್ಲಿ ಅವನನ್ನು ಬಂಡುಕೋರರು ಹೊತ್ತೊಯ್ದರು. ಜೋಸೆಫ್ ಕೋನಿಯ ಆ ಪಡೆಯಲ್ಲೇ ಬೆಳೆದು ಅವನು ದಳಪತಿಯಾದ. 2015ರಲ್ಲಿ ಶರಣಾದ. ಹೇಗ್‌ನ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2021ರಲ್ಲಿ ಅವನ ಮೇಲಿನ 61 ಆರೋಪಗಳು ಸಾಬೀತಾದವೆಂದು ಹೇಳಿ 25 ವರ್ಷ ಸಜೆ ವಿಧಿಸಿತು. ಕೊಲೆ, ಅತ್ಯಾಚಾರ, ಗುಲಾಮಗಿರಿಗಳ ಜೊತೆ ಆ ಪಟ್ಟಿಯಲ್ಲಿ ಇನ್ನೊಂದು ಅಪರಾಧವೂ ಇತ್ತು: ಹದಿನೈದು ತುಂಬದ ಮಕ್ಕಳನ್ನು ಪಡೆಗೆ ಸೇರಿಸಿಕೊಂಡದ್ದು. ತನಗೆ ಆದದ್ದನ್ನೇ ಅವನು ಬೇರೆಯವರ ಮಕ್ಕಳಿಗೆ ಮಾಡಿದ್ದ.

ಅವನನ್ನು ಏನೆಂದು ಕರೆಯೋಣ? ಕದ್ದೊಯ್ದ ಮಗು ಎಂದೇ, ಮಕ್ಕಳ ಕಳ್ಳ ಎಂದೇ? ವಯಸ್ಕನಾದ ಮೇಲೆ ಮಾಡಿದ್ದಕ್ಕೆ ಮಾತ್ರ ನ್ಯಾಯಾಲಯ ಅವನನ್ನು ಹೊಣೆ ಮಾಡಿತು. ಬಾಲ್ಯದ ನೋವನ್ನು ಶಿಕ್ಷೆ ತಗ್ಗಿಸಲು ಪರಿಗಣಿಸಿತೇ ಹೊರತು ಬಿಡುಗಡೆಗೆ ಕಾರಣವಾಗಿ ಒಪ್ಪಲಿಲ್ಲ. ನಾನೂ ಇದನ್ನು ಒಪ್ಪುತ್ತೇನೆ, ಆದರೆ ನೆಮ್ಮದಿಯಿಂದಲ್ಲ. ಯಾಕೆಂದರೆ ರೋಮ್ ಶಾಸನ ಜಾರಿಗೆ ಬಂದದ್ದು 2002ರ ಜುಲೈ 1ರಂದು. ಅದಕ್ಕೆ ಹಿಂದಿನ ಅಪರಾಧವನ್ನು ಆ ನ್ಯಾಯಾಲಯ ವಿಚಾರಿಸುವಂತಿಲ್ಲ. ಒಂಗ್ವೆನ್ ಮಾಡಿದ್ದನ್ನು ಅದು ಕೇಳಬಹುದು. 1987ರಲ್ಲಿ ಒಂಗ್ವೆನ್‌ಗೆ ಮಾಡಿದ್ದನ್ನು ಕೇಳಲಾರದು. ಅವನಿಗೆ ಸಜೆಯಾದ ದಿನ ಕೋನಿ ಸಿಕ್ಕಿರಲೂ ಇಲ್ಲ. ವಾರಂಟ್ ಹೊರಟು ಆಗಲೇ ಸುಮಾರು ಹದಿನಾರು ವರ್ಷವಾಗಿತ್ತು.

ಹದಿನೈದು ಎಂಬ ಗೆರೆ ನಮಗೆ ಹೊಸದಲ್ಲ. ಉಹುದ್ ಯುದ್ಧಕ್ಕೆ ಹೊರಟ ಹದಿನಾಲ್ಕು ವರ್ಷದ ಇಬ್ನ್ ಉಮರ್‌ರಿಗೆ ಪ್ರವಾದಿಯವರು (ಸ) ಅನುಮತಿ ಕೊಡಲಿಲ್ಲ. ಹದಿನೈದಾದ ಮೇಲೆ, ಖಂದಕ್ ಯುದ್ಧದಲ್ಲಿ ಕೊಟ್ಟರು. ಇದನ್ನು ಇಬ್ನ್ ಉಮರ್‌ರೇ ಹೇಳಿದ್ದು ಹದೀಸಿನಲ್ಲಿದೆ. ಹುಡುಗನಿಗೆ ಹೋಗುವ ಆಸೆ ಇತ್ತು; ಬೇಡ ಎನ್ನುವ ಜವಾಬ್ದಾರಿ ದೊಡ್ಡವರದಾಗಿತ್ತು. ಮಗು ತಾನಾಗಿಯೇ ಬಂದರೂ ಸೇರಿಸಿಕೊಂಡವನೇ ಅಪರಾಧಿ ಎಂದು ಇವತ್ತಿನ ಕಾನೂನೂ ಹೇಳುತ್ತದೆ.

ಉಗಾಂಡವಾದರೆ ದೂರದ್ದು. ನಂಜನಗೂಡಿಗೆ ಬಂದವರಿಗೆ ನಾವು ಟಿಪ್ಪುವಿನ ಕಥೆ ಹೇಳುತ್ತೇವೆ. ಆನೆಗೆ ಕಣ್ಣು ಬಂದದ್ದು, ಸುಲ್ತಾನ ಹಕೀಂ ನಂಜುಂಡ ಎಂದು ಕರೆದದ್ದು, ಪಚ್ಚೆಯ ಲಿಂಗ ಕೊಟ್ಟದ್ದು. ಸಂತೋಷದಿಂದ ಹೇಳುವ ಕಥೆ. ಜೇಮ್ಸ್ ಸ್ಕರಿಯ ಕಥೆಯನ್ನು ನಾವು ಹೇಳುವುದಿಲ್ಲ. 1782ರಲ್ಲಿ ಫ್ರೆಂಚರ ಕೈಗೆ ಸಿಕ್ಕ ಇಂಗ್ಲಿಷ್ ಹಡಗಿನ ಹುಡುಗ ಅವನು, ವಯಸ್ಸು ಹದಿನಾರರ ಆಸುಪಾಸು. ಫ್ರೆಂಚರು ಅವನನ್ನು ಹೈದರಾಲಿಗೆ ಒಪ್ಪಿಸಿದರು. ಸೆರೆಯಾದ ಹುಡುಗರನ್ನು ಆರಿಸಿ, ಬಲವಂತದಿಂದ ಸುನ್ನತಿ ಮಾಡಿಸಿ, ಹೆಸರು ಬದಲಿಸಿ, ಶ್ರೀರಂಗಪಟ್ಟಣದಲ್ಲಿ ಚೇಲಾ ಪಡೆಗೆ ಸೇರಿಸಿ ಕವಾಯತು ಕಲಿಸಿದರು. ಹತ್ತು ವರ್ಷದ ಮೇಲೆ ಅವನು ಪಾರಾದ. 1824ರಲ್ಲಿ ಅವನ ಸೆರೆವಾಸದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ತನ್ನವರ ನಡುವೆ ಮರಳಿದಾಗ ಕುರ್ಚಿಯಲ್ಲಿ ಕೂರುವುದು, ಚಾಕು ಫೋರ್ಕು ಹಿಡಿಯುವುದು ಅವನಿಗೆ ಕಷ್ಟವಾಗಿತ್ತು. ಆಡುವ ಇಂಗ್ಲಿಷು ಹರಿದುಹೋಗಿತ್ತು.

ರೋಮ್ ಶಾಸನದ ಅಳತೆಯಲ್ಲಿ ಸ್ಕರಿ ಮಗುವಲ್ಲ. ವಿಶ್ವಸಂಸ್ಥೆ 2000ದಲ್ಲಿ ಮಾಡಿದ, 2005ರಲ್ಲಿ ಭಾರತವೂ ಸೇರಿದ ಒಡಂಬಡಿಕೆ ಹದಿನೆಂಟರ ಗೆರೆ ಎಳೆದಿದೆ. ಅದರ ಪ್ರಕಾರ ಮಗು. ರೋಮ್ ಶಾಸನಕ್ಕೆ ಭಾರತ ಸಹಿ ಹಾಕಿಲ್ಲ, ಅದು ಬೇರೆ ಮಾತು.

ಇದನ್ನು ಬರೆಯುತ್ತೇನೆಂದು ಟಿ. ನರಸೀಪುರದ ಮಾಮುವಿನ ಮುಂದೆ ಹೇಳಿದೆ. ಅವರಿಗೆ ಸರಿಬರಲಿಲ್ಲ. “ಬೇಟಾ, ಇದೆಲ್ಲ ಈಗ ಯಾಕೆ? ಕಲ್ಲು ಹುಡುಕ್ತಾ ಇರೋರ ಕೈಗೆ ನೀನೇ ತಂದು ಕೊಡ್ತೀಯಾ?” ಎಂದರು. “ಅವರು ನಮ್ಮ ಸುಲ್ತಾನರ ಮಕ್ಕಳನ್ನ ಒತ್ತೆ ತಗೊಂಡ್ರಲ್ಲ, ಅದನ್ನ ಬರಿ.”

ಅದೂ ನಿಜವೇ. 1792ರ ಒಪ್ಪಂದದಲ್ಲಿ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಗಿ ಮದರಾಸಿಗೆ ಒಯ್ದ. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಮಕ್ಕಳನ್ನು ಕೈಹಿಡಿದು ಬರಮಾಡಿಕೊಳ್ಳುವ ದಯಾಳುವಿನಂತೆ ಕಾರ್ನ್‌ವಾಲಿಸನ ಚಿತ್ರ ಬರೆಸಿ ಇಂಗ್ಲಿಷರು ಹೆಮ್ಮೆಪಟ್ಟರು. ಅವರಿಗೂ ಸ್ಕರಿ ನೆನಪಿದ್ದ, ಈ ಇಬ್ಬರ ಭಯ ನೆನಪಿರಲಿಲ್ಲ. ನಾವು ಇಬ್ಬರನ್ನು ನೆನೆದು ಸ್ಕರಿಯನ್ನು ಮರೆತರೆ ನಮಗೂ ಅವರಿಗೂ ಏನು ವ್ಯತ್ಯಾಸ? ಮಾಮುವಿನ ಭಯ ಸುಳ್ಳಲ್ಲ ಎಂದು ನನಗೆ ಗೊತ್ತು. ಕಲ್ಲು ಹುಡುಕುವವರು ಇದ್ದಾರೆ. ಆದರೆ ಅವರಿಗೆ ಹೆದರಿ ನಾನು ಬಾಯಿ ಮುಚ್ಚಿದರೆ, ಆ ಹುಡುಗನ ವಯಸ್ಸನ್ನು ನಾನೂ ರಿಜಿಸ್ಟರಿನಲ್ಲಿ ತಿದ್ದಿದಂತೆ.

ಮಾಮು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಷ್ಟು ವಯಸ್ಸು ಅಂದೆ ಆ ಹುಡುಗನಿಗೆ?” ಎಂದರು.

“ಹದಿನಾರು ಇದ್ದೀತು.”

“ನಮ್ಮ ಇಮ್ರಾನಿನಷ್ಟು,” ಎಂದರು. ಇಮ್ರಾನ್ ಅವರ ಮೊಮ್ಮಗ, ಮೊದಲ ಪಿಯುಸಿ. ಒಳಗೆ ಫೋನು ನೋಡುತ್ತ ಕೂತಿದ್ದ ಅವನನ್ನು ಕರೆದು ಚಹಾ ತರಲು ಹೇಳಿದರು.