ಗಡಿಯೂರಿನ ಲಾಡ್ಜಿನಲ್ಲಿ ಹೊಳೆದದ್ದು

ಊರನ್ನು ತಿಳಿಯಬೇಕಾದರೆ ನೆಂಟರ ಮನೆಯಲ್ಲಿ ಇಳಿಯಬಾರದು, ಲಾಡ್ಜಿನಲ್ಲಿ ಇಳಿಯಬೇಕು. ನೆಂಟರು ಊರಿನ ಕೊರತೆಗಳನ್ನೆಲ್ಲ ಬಾಗಿಲ ಹಿಂದೆ ತಳ್ಳಿ ಊಟಕ್ಕೆ ಕೂರಿಸುತ್ತಾರೆ. ಲಾಡ್ಜಿನಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಊರಿಗೆ ನೀರಿನ ಗತಿ ಏನೆಂದು ಗೊತ್ತಾಗುತ್ತದೆ.

*

ದೊಡ್ಡ ಹೋಟೆಲಿನವರಿಗೆ ನಿಮ್ಮ ಹೆಸರು ಗೊತ್ತು, ಹಸಿವು ಗೊತ್ತಿಲ್ಲ. ಸಣ್ಣ ಲಾಡ್ಜಿನವನಿಗೆ ಹೆಸರು ಬರೆದುಕೊಂಡ ಮರುಕ್ಷಣವೇ ಮರೆತಿರುತ್ತದೆ, ಆದರೂ ಕೀಲಿಕೈ ಕೊಡುವಾಗ "ಊಟ ಆಯ್ತಾ ಸ್ವಾಮಿ?" ಎನ್ನುತ್ತಾನೆ. ರಾತ್ರಿ ಹತ್ತರ ಮೇಲೆ ಆ ಮಾತಿಗೆ ಬೆಲೆ ಹೆಚ್ಚು. ಮೆಸ್ಸುಗಳೆಲ್ಲ ಬಾಗಿಲು ಹಾಕಿರುತ್ತವೆ. ಯಾವ ಗಲ್ಲಿಯಲ್ಲಿ ಇನ್ನೂ ಕಾವಲಿ ಬಿಸಿ ಇದೆ ಎಂಬುದು ಅವನೊಬ್ಬನಿಗೇ ಗೊತ್ತು.

*

ಆಂಧ್ರದ ಗಡಿಯೂರು ಹಿಂದೂಪುರದಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಯಾವ ಭಾಷೆಯಲ್ಲಿ ಬಾಯಿ ತೆರೆದರೆ ಆ ಭಾಷೆಯಲ್ಲೇ ಉತ್ತರ. ಬಾಡಿಗೆಯನ್ನು ಕನ್ನಡದಲ್ಲಿ ಹೇಳಿ, ಚಿಲ್ಲರೆಯನ್ನು ತೆಲುಗಿನಲ್ಲಿ ಎಣಿಸಿ, ರೂಮ್ ಬಾಯ್‌ನನ್ನು ಉರ್ದುವಿನಲ್ಲಿ ಕೂಗುವ ಮ್ಯಾನೇಜರನಿಗೆ ತಾನೇನೋ ಸಾಧಿಸಿದ್ದೇನೆಂಬ ಭಾವನೆಯೇ ಇಲ್ಲ. ನೂರು ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ ಇಷ್ಟೇ ಕೆಲಸಕ್ಕೆ ವಿಚಾರಸಂಕಿರಣ ಏರ್ಪಡುತ್ತದೆ, ಶಾಲು ಹೊದಿಸುತ್ತಾರೆ.

*

ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವವರು ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರ ಸೇರುತ್ತಾರೆ. ಪಾವಗಡ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ. ರಸ್ತೆಬದಿಯ ಬೋರ್ಡಿನ ಅಕ್ಷರ ಬದಲಾಗುತ್ತದೆ, ಪೆಟ್ರೋಲಿನ ದರ ಬದಲಾಗುತ್ತದೆ. ಶೇಂಗಾ ಹೊಲ, ಬೋಳು ಗುಡ್ಡ, ಅಂಗಳ ಕಾಣುವ ಕೆರೆ ಬದಲಾಗುವುದಿಲ್ಲ. ಆಳುವವರು ಗೆರೆ ಎಳೆದರು. ಬರಗಾಲ ಅದನ್ನು ಓದಲು ಇನ್ನೂ ಕಲಿತಿಲ್ಲ.

*

ಹಳೆಯ ಅನಂತಪುರ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಅದಕ್ಕೇ ಕಲ್ಯಾಣದುರ್ಗದ ರೂಮ್ ಬಾಯ್ ಬಾಗಿಲು ತೆಗೆದು ಮೊದಲು ಹಾಸಿಗೆ ತೋರಿಸುವುದಿಲ್ಲ, ಟಿ.ವಿ. ತೋರಿಸುವುದಿಲ್ಲ, ಬಚ್ಚಲಿನ ದೀಪ ಹಾಕಿ ತುಂಬಿಟ್ಟ ಬಕೆಟ್ಟು ತೋರಿಸುತ್ತಾನೆ. ಷವರ್ ಇದೆಯಾ ಎಂದು ಕೇಳಿದವರು ಎಲ್ಲಿಂದ ಬಂದವರೆಂದು ಅವನಿಗೆ ಆಧಾರ್ ನೋಡದೆಯೇ ತಿಳಿಯುತ್ತದೆ.

*

ಸ್ವಿಚ್‌ಬೋರ್ಡಿನಲ್ಲಿ ಒಂದು ಸ್ವಿಚ್ಚಿಗೆ ಯಾವ ಕೆಲಸವೂ ಇರುವುದಿಲ್ಲ. ಬಂದವರೆಲ್ಲ ಒತ್ತಿ ನೋಡುವುದು ಅದನ್ನೇ.

*

ಕನ್ನಡಿಯ ಅಂಚಿನಲ್ಲಿ ಮೂರು ಸ್ಟಿಕ್ಕರ್ ಬಿಂದಿ: ಒಂದು ಕಡುಗೆಂಪು, ಒಂದು ಕಪ್ಪು, ಇನ್ನೊಂದು ಹರಳು ಕಳಚಿದ್ದು. ಮುಖ ತೊಳೆಯುವ ಮೊದಲು ತೆಗೆದು ಅಂಟಿಸಿದವರು ಹೊರಡುವ ಗಡಿಬಿಡಿಯಲ್ಲಿ ಮರೆತಿದ್ದಾರೆ. ಕೆಳಗಿನ ರಿಜಿಸ್ಟರಿನಲ್ಲಿ ಹೆಂಗಸರ ಹೆಸರು ಅಪರೂಪ. ಗಂಡನ ಹೆಸರು, ಗಂಡನ ಫೋನ್ ನಂಬರು, ಪಕ್ಕದಲ್ಲಿ "ಜೊತೆಗೆ 2". ಕೋಣೆಯಲ್ಲಿ ಯಾರಿದ್ದರು ಎಂಬ ವಿಷಯಕ್ಕೆ ರಿಜಿಸ್ಟರಿಗಿಂತ ಕನ್ನಡಿಯೇ ನಂಬಿಕಸ್ಥ.

*

ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಏನು ಕೆಲಸ? ವೇದಾಂತಿಗಳು ಜನ್ಮವಿಡೀ ಹುಡುಕುವ ಉತ್ತರವನ್ನು ಲಾಡ್ಜಿನ ರಿಜಿಸ್ಟರು ಬೆರಳಗಲದ ಕಾಲಮ್ಮಿನಲ್ಲಿ ಬರೆಯಿಸಿಕೊಳ್ಳುತ್ತದೆ. ಮೂರನೆಯದಕ್ಕೆ ಮುಕ್ಕಾಲುಪಾಲು ಜನ "ಸ್ವಂತ ಕೆಲಸ" ಎಂದು ಬರೆದಿರುತ್ತಾರೆ. ಅದಕ್ಕಿಂತ ನಿಜವಾದ ಉತ್ತರ ಇಲ್ಲ, ಅದಕ್ಕಿಂತ ಏನೂ ಹೇಳದ ಉತ್ತರವೂ ಇಲ್ಲ.

*

ತಂಗಲು ಬಂದವನನ್ನು ಅನುಮಾನಿಸುವುದು ಹೊಸದೇನಲ್ಲ. 1867ರ ಸರಾಯಿ ಕಾಯ್ದೆ ತಂಗುದಾಣ ನಡೆಸುವವರು ಜಿಲ್ಲಾ ಮ್ಯಾಜಿಸ್ಟ್ರೇಟರಲ್ಲಿ ನೋಂದಣಿ ಮಾಡಿಸಬೇಕೆಂದಿತು, ಕೇಳಿದಾಗ ಇಳಿದವರ ವಿವರ ಕೊಡಬೇಕೆಂದಿತು. ಆಗ ಕಂಪನಿ ಹೋಗಿ ರಾಣಿ ಬಂದು ಹತ್ತು ವರ್ಷವೂ ಆಗಿರಲಿಲ್ಲ. ಸರ್ಕಾರಕ್ಕೆ ದಾರಿಹೋಕರೆಂದರೆ ಭಯ. ಸರ್ಕಾರಗಳು ಬದಲಾದವು. ಭಯ ಕೈಯಿಂದ ಕೈಗೆ ದಾಟಿ ಈಗ ಝೆರಾಕ್ಸ್ ರೂಪದಲ್ಲಿದೆ.

*

ಆದರೆ ಹೆಸರು ಬರೆಯುವುದೇ ಕುತ್ತಿಗೆಗೆ ಬಂದವರಿದ್ದರು. ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರರಿಗೆ ಬರೋಡದಲ್ಲಿ ಕೋಣೆ ಕೊಡುವವರಿರಲಿಲ್ಲ. ಪಾರ್ಸಿ ತಂಗುದಾಣವೊಂದರಲ್ಲಿ, ದಿನಕ್ಕೆ ಒಂದೂವರೆ ರೂಪಾಯಿಗೆ, ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆದು ಉಳಿದರು. ಹನ್ನೊಂದನೇ ದಿನ ಬೆಳಗ್ಗೆ ದೊಣ್ಣೆ ಹಿಡಿದವರು ಮೆಟ್ಟಿಲು ಹತ್ತಿ ಬಂದರು. ಅದನ್ನು ಅವರೇ ಬರೆದಿಟ್ಟಿದ್ದಾರೆ. ಆ ಪುಟಗಳನ್ನು ಓದಿದ ಮೇಲೆ ಯಾವ ಲಾಡ್ಜಿನ ರಿಜಿಸ್ಟರನ್ನೂ ಬರೀ ಪುಸ್ತಕವೆಂದು ನೋಡಲು ನನಗೆ ಆಗಿಲ್ಲ.

*

ಛತ್ರ ಪುಣ್ಯಕ್ಕೆ ಕಟ್ಟಿದ್ದು, ಲಾಡ್ಜು ಲಾಭಕ್ಕೆ ಕಟ್ಟಿದ್ದು. ಹಾಗೆಂದು ಛತ್ರವೇ ದೊಡ್ಡದು ಎನ್ನುವವರು ಛತ್ರದ ಜಗಲಿ ದಾಟಲಾಗದವರನ್ನು ಒಮ್ಮೆ ಕೇಳಬೇಕು. ಪುಣ್ಯ ಜಾತಿ ಕೇಳುತ್ತಿತ್ತು. ಕುಲಕ್ಕೊಂದು ಛತ್ರ, ಕುಲಕ್ಕೊಂದು ಪಂಕ್ತಿ. ಲಾಭ ಅಡ್ವಾನ್ಸ್ ಕೇಳಿತು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತೆಯ ವಿರುದ್ಧದ ಕಾನೂನು ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳನ್ನು ಹೆಸರು ಹಿಡಿದೇ ಹೇಳಿತು. ಅಲ್ಲಿ ಊಟದ ಪಾತ್ರೆ ಮುಟ್ಟಬೇಡ ಎನ್ನುವುದೂ ಅಪರಾಧವಾಯಿತು. ಧರ್ಮದ ಹೆಸರಿನ ಶಾಲೆಗೆ ಧರ್ಮ ಕಲಿಸಲು ಕಾನೂನು ಬರಬೇಕಾಯಿತು.

ಇದನ್ನೂ ಹೇಳಬೇಕು: ಛತ್ರದಲ್ಲಿ ಕಾಸಿಲ್ಲದವರು ಮಲಗಬಹುದಿತ್ತು. ಲಾಡ್ಜಿನಲ್ಲಿ ಮಲಗುವಂತಿಲ್ಲ. ಅವರು ಇಂದಿಗೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲಿದ್ದಾರೆ.

*

"ಸಿಂಗಲ್ ಲೇಡೀಸ್‌ಗೆ ಕೊಡಲ್ಲಮ್ಮ, ಏನೂ ತಿಳ್ಕೋಬೇಡಿ." ಒಂಟಿ ಹೆಣ್ಣುಮಗಳು ಬಂದರೆ ಸಣ್ಣ ಊರಿನ ಗಲ್ಲಾದಲ್ಲಿ ಈ ಮಾತು ಇನ್ನೂ ಕೇಳುತ್ತದೆ. ಯಾವ ಕಾನೂನಿನಲ್ಲಿದೆ ಎಂದರೆ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅಂಥ ಕಾನೂನೇ ಇಲ್ಲ. ಮದುವೆಯಾಗದ ಗಂಡುಹೆಣ್ಣು ಒಂದೇ ಕೋಣೆಯಲ್ಲಿ ಉಳಿಯುವುದು ಅಪರಾಧವಲ್ಲವೆಂದು ಮದ್ರಾಸ್ ಹೈಕೋರ್ಟು 2019ರಲ್ಲಿ ಹೇಳಿತು. ಹಾಗಿದ್ದಮೇಲೆ ಪರೀಕ್ಷೆ ಬರೆಯಲು, ಚುನಾವಣಾ ಡ್ಯೂಟಿಗೆ, ಹೆಣ್ಣು ನೋಡುವ ಶಾಸ್ತ್ರದ ಕಾಟ ತಪ್ಪಿಸಿಕೊಂಡು ಸುಮ್ಮನೆ ಲೇಪಾಕ್ಷಿ ನೋಡಲು ಬಂದ ಹುಡುಗಿಗೆ ಕೋಣೆ ಇಲ್ಲವೆನ್ನುವುದು ಎಚ್ಚರಿಕೆ ಅಲ್ಲ, ಸೋಮಾರಿತನ. ಅವಳ ಸುರಕ್ಷತೆಯ ಹೊಣೆ ಹೊರುವುದಕ್ಕಿಂತ ಅವಳನ್ನೇ ಹೊರಗಿಡುವುದು ಸುಲಭ.

*

ಗೋಡೆ ತೆಳ್ಳಗಿದ್ದಲ್ಲಿ ಗುಟ್ಟು ಬೇಗ ಮುಗಿಯುತ್ತದೆ. ಪಕ್ಕದ ಕೋಣೆಯ ರೈತ ಮಗಳ ಕಾಲೇಜು ಫೀಸಿಗೂ ಗೂಡಿನ ಇವತ್ತಿನ ರೇಟಿಗೂ ಫೋನಿನಲ್ಲಿ ತಾಳೆ ಹಾಕುತ್ತಿದ್ದಾನೆ. ಹಿಂದೂಪುರಕ್ಕೆ ರೇಷ್ಮೆಗೂಡು ತಂದವರು, ಹುಣಸೆಹಣ್ಣು ತಂದವರು, ಬೆಲ್ಲ ತಂದವರು ಮಾರುಕಟ್ಟೆ ಏರಿದರೆ ಊರಿಗೆ ಹೋಗುತ್ತಾರೆ, ಇಳಿದರೆ ಲಾಡ್ಜಿಗೆ ಬರುತ್ತಾರೆ. ನಾಳೆ ಏರಬಹುದು ಎಂಬ ಆಸೆಗೆ ಒಂದು ರಾತ್ರಿಯ ಬಾಡಿಗೆ.

*

ಕಲ್ಯಾಣದುರ್ಗದ ಲಾಡ್ಜಿನ ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಗಳನ್ನು ನೋಡಿದರೆ ಸೀಮೆಯ ಆರ್ಥಿಕತೆ ಓದಬಹುದು. ಕೆಂಪು ಕೆಸರು ಒಣಗಿದ ರಬ್ಬರ್ ಚಪ್ಪಲಿ ಬೋರ್‌ವೆಲ್ ಲಾರಿಯ ಹುಡುಗರದು. ತಮಿಳುನಾಡಿನ ತಿರುಚೆಂಗೋಡಿನ ರಿಗ್ಗು ಇಲ್ಲಿನ ಬಂಡೆ ಕೊರೆಯುತ್ತದೆ. ದಪ್ಪ ಅಡಿಯ ಬೂಟು ಗಾಳಿಯಂತ್ರ ರಿಪೇರಿಯವರದು. ಪಾಲಿಶ್ ಮಾಡಿದ್ದು ಬೀಜ, ಔಷಧಿ ಕಂಪನಿಯ ಪ್ರತಿನಿಧಿಯದು. ನೆಲದ ಕೆಳಗೆ ನೀರು ಹುಡುಕುವವನೂ ತಲೆಯ ಮೇಲೆ ಗಾಳಿ ಹಿಡಿಯುವವನೂ ಒಂದೇ ವರಾಂಡದಲ್ಲಿ ಒಂದೇ ಪೇಸ್ಟಿನ ಟ್ಯೂಬಿನಿಂದ ಹಲ್ಲುಜ್ಜುತ್ತಾರೆ. ಬೋರು ಬಿತ್ತೇ ಎಂದು ಗಾಳಿಯವನು ಕೇಳುತ್ತಾನೆ. ಆ ಹುಡುಗರ ಮುಖ ನೋಡಿದರೆ ಕೇಳಬೇಕಾಗಿಯೇ ಇರಲಿಲ್ಲ. ಕೊರೆದವರಿಗೆ ಅಡಿಯ ಲೆಕ್ಕದಲ್ಲಿ ದುಡ್ಡು ಬರುತ್ತದೆ, ನೀರು ಬಿದ್ದರೂ ಬೀಳದಿದ್ದರೂ. ಹೊಲದವನಿಗೆ ಸಾಲ ಉಳಿಯುತ್ತದೆ, ನೀರು ಬಿದ್ದರೂ ಬೀಳದಿದ್ದರೂ.

*

ರಾಜಧಾನಿಗಳೂ ಬಿಡಾರ ಹುಡುಕಿಕೊಂಡು ಹೊರಡುತ್ತವೆ. 1565ರ ತಾಳಿಕೋಟೆಯ ಸೋಲಿನ ನಂತರ ವಿಜಯನಗರದ ತಿರುಮಲರಾಯ ಹಂಪೆಯ ಭಂಡಾರವನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಯ ಬೆಟ್ಟಕ್ಕೆ ಬಂದ. ಅಲ್ಲಿಂದ ಅರಸೊತ್ತಿಗೆ ಚಂದ್ರಗಿರಿಗೆ ಹೋಯಿತು, ಆಮೇಲೆ ವೆಲ್ಲೂರಿಗೆ. ಗೆದ್ದಾಗ ಊರು ಕಟ್ಟಿದವರು ಸೋತಾಗ ಬೆಟ್ಟ ಹತ್ತಿದರು. ಹಿಂದೂಪುರದಿಂದ ಬಸ್ಸಿನಲ್ಲಿ ಹೋದರೆ ಆ ಕೋಟೆಯ ಕೆಳಗೆ ಟೀ ಕುಡಿದು ಸಂಜೆಯೊಳಗೆ ವಾಪಸಾಗಬಹುದು. ರಾಯರಿಗೆ ವಾಪಸಾಗಲು ಆಗಲಿಲ್ಲ.

*

ಅದೇ ಪೆನುಕೊಂಡೆಯ ಪಕ್ಕ 2019ರಿಂದ ಕಿಯಾ ಕಾರುಗಳು ಹೊರಬೀಳುತ್ತಿವೆ. ಕೊರಿಯಾದವರು ಬಂದರು, ಅವರ ಹಿಂದೆಯೇ ಅವರ ಊಟದ ಮನೆಗಳು, ಕೊರಿಯನ್ ಅಕ್ಷರದ ಬೋರ್ಡುಗಳು ಬಂದವು. ಹತ್ತಿರದ ಊರುಗಳ ಜನ ಒಂದೆರಡು ದಿನ ನೋಡಿದರು, ಆಮೇಲೆ ಬಾಡಿಗೆ ಏರಿಸಿದರು. ಪರದೇಶಿಯನ್ನು ಒಪ್ಪಿಕೊಳ್ಳುವ ಅತಿ ಪ್ರಾಮಾಣಿಕ ವಿಧಾನ ಇದು. ಮನೆ ಹುಡುಕುವ ನಮ್ಮ ಹುಡುಗರಿಗೆ ಮಾತ್ರ ಹೊರೆಯಾಯಿತು.

*

ಒಪ್ಪಿಕೊಂಡ ಊರು ಹೊರಗೂ ಹಾಕಬಲ್ಲದು. ಏಳು ಬೆಟ್ಟಗಳ ಊರೆನ್ನಿಸಿಕೊಂಡ ಉಗಾಂಡದ ಕಂಪಾಲದಲ್ಲಿ ಭಾರತೀಯರು ತಲೆಮಾರುಗಳಿಂದ ಅಂಗಡಿ ಇಟ್ಟಿದ್ದರು. 1972ರ ಆಗಸ್ಟಿನಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ದೇಶ ಬಿಡಲು 90 ದಿನಗಳ ಗಡುವು ಕೊಟ್ಟ. ಅಲ್ಲೇ ಹುಟ್ಟಿದವರು ಒಂದೊಂದು ಪೆಟ್ಟಿಗೆ ಹಿಡಿದು ವಿಮಾನ ಹತ್ತಿದರು. ಮುಂದೆ ಮುಸೆವೆನಿ ಸರ್ಕಾರ ಆಸ್ತಿ ಹಿಂದಿರುಗಿಸುತ್ತೇನೆ ಬನ್ನಿ ಎಂದು ಕರೆಯಿತು. ಯಾರು ಮನೆಯವರು, ಯಾರು ಉಳಿಯಲು ಬಂದವರು ಎಂಬ ಪಟ್ಟಿಯನ್ನು ಬರೆಯುವ ಪೆನ್ನು ಒಬ್ಬನ ಕೈಯಲ್ಲಿದ್ದರೆ ಯಾರ ಹೆಸರೂ ಭದ್ರವಲ್ಲ.

*

ಆ ಪೆನ್ನು ನಮ್ಮ ಕಡೆಯೂ ಓಡಾಡಿದೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಈಚೆ ಬಂತು, ರಾಯದುರ್ಗ ಆಚೆ ಉಳಿಯಿತು. ಜನ ಮಲಗಿದ್ದಲ್ಲೇ ಮಲಗಿದ್ದರು, ರಾಜ್ಯ ಮಗ್ಗುಲು ಬದಲಿಸಿತು. ಆದ್ದರಿಂದ ಮಡಕಶಿರಾ, ಅಮರಾಪುರಂ, ಅಗಳಿ, ರೊಳ್ಳದ ಕನ್ನಡಿಗರನ್ನು ಆಂಧ್ರದಲ್ಲಿ ನೆಲೆಸಿದವರು ಎನ್ನುವುದು ತಪ್ಪು. ಅವರು ಎಲ್ಲಿಂದಲೂ ಬಂದಿಲ್ಲ. ಅಲ್ಲಿನ ಹೇಮಾವತಿಯೇ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಸಾವಿರ ವರ್ಷದ ಹಿಂದಿನ ಕನ್ನಡ ಶಾಸನಗಳ ನೆಲ.

*

ಎರಡು ಮನೆಯಲ್ಲೂ ಮನೆಯವರೇ ಆಗಿ ಬಾಳಬಹುದೆಂಬುದಕ್ಕೆ ಕಲ್ಯಾಣದುರ್ಗದ ಸೀಮೆಯಲ್ಲೇ ಸಾಕ್ಷಿ ಇದೆ. 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆದರು, ಮುಂದೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಕೂಡಿಸಿದರು. ಮೈಸೂರಿನವರು ಅವರನ್ನು ತಮ್ಮವರೆಂದರು, ತೆಲುಗರು ತಮ್ಮವರೆಂದರು. ಇಬ್ಬರೂ ಸರಿ. ಇಂಥ ಜಗಳ ಹೆಚ್ಚಾಗಬೇಕು.

*

ಲೇಪಾಕ್ಷಿಯ ಗುಡಿಯಲ್ಲಿ ಎಲ್ಲರೂ ತೂಗುಕಂಬದ ಕೆಳಗೆ ಬಟ್ಟೆ ತೂರಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಂಗಳದ ಬಂಡೆಯಲ್ಲಿ ತಟ್ಟೆಗಳನ್ನು ಕೊರೆದಿದ್ದಾರೆ, ಪಲ್ಯಕ್ಕೆ ಸಾರಿಗೆ ಗುಳಿಗಳ ಸಮೇತ. ಶಿಲ್ಪಿಗಳು ಅದರಲ್ಲೇ ಉಣ್ಣುತ್ತಿದ್ದರಂತೆ. ಅಚ್ಯುತರಾಯನ ಕಾಲದಲ್ಲಿ ಗುಡಿ ಕಟ್ಟಿಸಿದ ವಿರೂಪಣ್ಣನ ಹೆಸರು ಉಳಿದಿದೆ, ಬಡಿಸಿದವರ ಹೆಸರು ಉಳಿದಿಲ್ಲ. ದೊಡ್ಡ ನಾಗಲಿಂಗದ ಕಥೆಯೂ ಊಟದ್ದೇ. ತಾಯಿ ಅಡುಗೆ ಮುಗಿಸುವಷ್ಟರಲ್ಲಿ ಮಕ್ಕಳು ಅದನ್ನು ಕೆತ್ತಿ ಮುಗಿಸಿದರೆಂದು ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ಮಸಾಲೆದೋಸೆ ಬರುವವರೆಗೆ ನಾವು ಏನು ಕೆತ್ತುತ್ತೇವೆಂಬುದು ಫೋನಿಗೆ ಗೊತ್ತು.

*

2022ರ ಜುಲೈ 18ರವರೆಗೆ ದಿನಕ್ಕೆ ಸಾವಿರ ರೂಪಾಯಿಯೊಳಗಿನ ಕೋಣೆಗೆ ಜಿ.ಎಸ್.ಟಿ. ಇರಲಿಲ್ಲ. ಅಂದಿನಿಂದ ಶೇ. 12 ಬಂತು, 2025ರ ಸೆಪ್ಟೆಂಬರಿನಲ್ಲಿ ಶೇ. 5ಕ್ಕೆ ಇಳಿಯಿತು. ಗೂಡು ಮಾರಲು ಬಂದವನು ಒಂದು ರಾತ್ರಿ ಕಣ್ಣು ಮುಚ್ಚುವುದನ್ನೂ ಐಷಾರಾಮದ ಲೆಕ್ಕಕ್ಕೆ ಸೇರಿಸಿದ್ದು ಸರಿಯಲ್ಲ. ಈಗ ಕಡಿಮೆಯಾಗಿದೆ, ಇಲ್ಲವಾಗಬೇಕು.

*

ಬೆಳಗಿನ ಉಗ್ಗಾನಿ ಬಜ್ಜಿಯ ಮುಂದೆ ಯಾರೂ ಹೊರಗಿನವರಲ್ಲ. ನೆನೆಸಿ ಹಿಂಡಿದ ಮಂಡಕ್ಕಿಗೆ ಒಗ್ಗರಣೆ, ಮೇಲೆ ಹುರಿಗಡಲೆ ಪುಡಿ, ಪಕ್ಕದಲ್ಲಿ ಉದ್ದ ಮೆಣಸಿನಕಾಯಿ ಬಜ್ಜಿ, ಪೇಪರಿನ ಮೇಲೆ. ಬಳ್ಳಾರಿಯವರು ನಮ್ಮದು ಎನ್ನುತ್ತಾರೆ, ಅನಂತಪುರದವರು ನಮ್ಮದು ಎನ್ನುತ್ತಾರೆ. ತಿನ್ನುವಾಗ ಇಬ್ಬರ ಕಣ್ಣಲ್ಲೂ ನೀರು.

*

ಬೆಂಗಳೂರಿನಿಂದ ಲೇಪಾಕ್ಷಿಗೆ ಬರುವವರೇ, ನಂದಿಯ ಮುಂದೆ ಫೋಟೊ ಆದ ಕೂಡಲೇ ಗಾಡಿ ತಿರುಗಿಸಬೇಡಿ. ಒಂದು ರಾತ್ರಿ ಹಿಂದೂಪುರದಲ್ಲಿ ಉಳಿಯಿರಿ. ಪುರಸೊತ್ತಿದ್ದರೆ ಪಾವಗಡದ ದಾರಿ ಹಿಡಿದು ಕಲ್ಯಾಣದುರ್ಗದಲ್ಲಿ ಇನ್ನೊಂದು. ಗುರುತಿನ ಚೀಟಿಯ ಝೆರಾಕ್ಸ್ ಜೇಬಿನಲ್ಲಿರಲಿ, ಸೊಳ್ಳೆ ಬತ್ತಿ ಚೀಲದಲ್ಲಿರಲಿ. ಕೋಣೆ ನೋಡಿ ಆಮೇಲೆ ಅಡ್ವಾನ್ಸ್ ಕೊಡಿ. ಬಿಸಿನೀರು ಬೆಳಗ್ಗೆ ಎರಡು ತಾಸು ಮಾತ್ರ. ಹೊರಡುವಾಗ ಬಕೆಟ್ಟು ತುಂಬಿಟ್ಟ ಹುಡುಗನಿಗೆ ಏನಾದರೂ ಕೊಡಿ. ಮಾತು ಕನ್ನಡದಲ್ಲೇ ಆಡಿ, ನಡೆಯುತ್ತದೆ.