ಮದ್ಯದ ಮಿತಿ ಮತ್ತು ಅದರ ವೆಚ್ಚ

ಮದ್ಯವನ್ನೇ ತ್ಯಜಿಸಿದ ಶ್ರಾವಕನಿಗೆ, ವಾಹನ ಚಾಲಕನ ರಕ್ತದಲ್ಲಿ ಮದ್ಯಸಾರ ಎಷ್ಟಿರಬಹುದೆಂಬ ಚರ್ಚೆ ಏಕೆ ಎಂದು ಕೇಳುವವರುಂಟು. ಸ್ವಾಮಿ ಸಮಂತಭದ್ರರು ಮದ್ಯತ್ಯಾಗವನ್ನು ಅಷ್ಟಮೂಲಗುಣಗಳಲ್ಲಿ ಸೇರಿಸಿದ ಮೇಲೆ ನಮಗೆ ಮಿತಿಯೆಂದರೆ ಸೊನ್ನೆಯೇ. ಆದರೆ ರಸ್ತೆಯಲ್ಲಿ ಸಾಗುವವರೆಲ್ಲರೂ ಶ್ರಾವಕರಲ್ಲ. ರಾಜ್ಯವು ಸರ್ವರಿಗೂ ಅನ್ವಯಿಸುವ ಒಂದು ಅಂಕಿಯನ್ನು ಗೊತ್ತುಪಡಿಸಲೇಬೇಕು. ಅದನ್ನು ಇಳಿಸಿದಾಗ ಬರುವ ವೆಚ್ಚವನ್ನು ಯಾರು ಹೊರಬೇಕೆಂಬುದು ಧರ್ಮದ ಪ್ರಶ್ನೆಯೇ ಹೌದು.

ಈ ವಿಷಯದಲ್ಲಿ ಸ್ಕಾಟ್ಲೆಂಡಿನ ಅನುಭವ ವಿಚಾರಾರ್ಹವಾಗಿದೆ. ಬ್ರಿಟನ್ನಿನಲ್ಲಿ 1967ರ ಕಾಯಿದೆಯಿಂದ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಎಂಬ ಮಿತಿ ಬಂದಿತು. ಸ್ಕಾಟ್ಲೆಂಡ್ 2014ರ ಡಿಸೆಂಬರ್ 5ರಂದು ಅದನ್ನು 50ಕ್ಕೆ ಇಳಿಸಿತು. ಹಳ್ಳಿಗಾಡಿನ ಪಾನಗೃಹಗಳವರು ವ್ಯಾಪಾರ ಕುಸಿಯಿತೆಂದು ದೂರಿದರು. ರಾತ್ರಿ ಕುಡಿದು ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಟವನೂ ಸಿಕ್ಕಿಬೀಳುವಂತಾಯಿತು. 50ನ್ನು ಸ್ವಲ್ಪವೇ ದಾಟಿದವನಿಗೂ ಕನಿಷ್ಠ 12 ತಿಂಗಳ ಚಾಲನಾ ನಿಷೇಧವುಂಟು. ಬಸ್ಸಿನ ಸೌಕರ್ಯವಿಲ್ಲದ ಊರಿನಲ್ಲಿ ಅದು ಜೀವನೋಪಾಯವನ್ನೇ ಕಳೆದುಕೊಂಡಂತೆ.

ಈ ನಷ್ಟಗಳನ್ನೆಲ್ಲ ಒಂದೇ ಬಾಬಿನಲ್ಲಿ ಬರೆಯುವುದು ಲೆಕ್ಕಶಾಸ್ತ್ರಕ್ಕೂ ಒಪ್ಪದು. ವಾಹನ ನಡೆಸಲಿರುವವನಿಗೆ ಮದ್ಯ ಮಾರಿ ಗಳಿಸಿದ ಲಾಭವು ದಾರಿಹೋಕರ ಪ್ರಾಣವನ್ನು ಪಣಕ್ಕಿಟ್ಟು ಬಂದದ್ದು. ಅದು ಕೈತಪ್ಪಿದರೆ ನಷ್ಟವೆನ್ನಲಾಗದು. ಆದರೆ ಕೆಲಸ ಕಳೆದುಕೊಂಡವನ ಹೆಂಡತಿ ಮಕ್ಕಳ ಕಷ್ಟ ನಿಜವಾದ ಖರ್ಚು. ಜೀವಗಳುಳಿದರೆ ಮಾತ್ರ ಅದಕ್ಕೆ ಸಮಾಧಾನವುಂಟು.

ಉಳಿದುವೆ? ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡ್ ಹಾಗೂ ವೇಲ್ಸಿನೊಡನೆ ಹೋಲಿಸಿ ನೋಡಿದಾಗ ಸ್ಕಾಟ್ಲೆಂಡಿನಲ್ಲಿ ಅಪಘಾತಗಳು ಕಡಿಮೆಯಾಗಿರಲಿಲ್ಲ. ಮಿತಿ ಇಳಿಯಿತು, ತಪಾಸಣೆ ಅದಕ್ಕೆ ತಕ್ಕಂತೆ ಏರಲಿಲ್ಲ ಎಂಬುದು ಅವರು ಸೂಚಿಸಿದ ಕಾರಣ. ಅಮೆರಿಕದ ಯೂಟಾ ರಾಜ್ಯವೂ 2018ರ ಡಿಸೆಂಬರ್ 30ರಿಂದ ಅದೇ 80ನ್ನು 50ಕ್ಕೆ ತಂದಿತು. (ಮದ್ಯವನ್ನು ನಿಷೇಧಿಸುವ ಮಾರ್ಮನ್ ಮತದವರು ನೆಲೆಯೂರಿದ ನಾಡದು, ಕುಡಿಯದವರು ಈ ಚರ್ಚೆಯಿಂದ ದೂರವಿರಲಿಲ್ಲ.) ಅಲ್ಲಿ ಪ್ರಾಣಾಂತಿಕ ಅಪಘಾತಗಳ ಪ್ರಮಾಣ 2016ಕ್ಕಿಂತ 2019ರಲ್ಲಿ ಸುಮಾರು ಶೇಕಡ 20ರಷ್ಟು ತಗ್ಗಿತ್ತು. ಅಂಕಿ ಒಂದೇ, ಫಲ ಬೇರೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಗಳನ್ನು ಹೇಳಿ ಸುಮ್ಮನಾಗಲಿಲ್ಲ. ಅವು ಸ್ಥಿರವಾಗಿ ನಿಲ್ಲಲೆಂದು ಒಂದೊಂದಕ್ಕೂ ಐದೈದು ಭಾವನೆಗಳನ್ನು ವಿಧಿಸಿದರು. ಅಹಿಂಸೆಯ ಭಾವನೆಗಳಲ್ಲಿ ನೋಡಿ ನಡೆಯುವ ಈರ್ಯಾಸಮಿತಿಯೂ, ನೋಡಿ ಉಣ್ಣುವ, ನೋಡಿ ಕುಡಿಯುವ ಆಲೋಕಿತಪಾನಭೋಜನವೂ ಸೇರಿವೆ. ಕಾಯಿದೆಗೂ ಇಂಥ ಆಧಾರ ಬೇಕು. ಶ್ವಾಸಪರೀಕ್ಷೆಯ ಯಂತ್ರ, ಸಿಬ್ಬಂದಿ, ನ್ಯಾಯಾಲಯದ ವೇಳೆ, ರಾತ್ರಿ ಬಸ್ಸು, ಇವಕ್ಕೆ ಹಣ ತೆಗೆದಿಡದೆ ಅಂಕಿಯನ್ನಷ್ಟೇ ಇಳಿಸಿದರೆ ಸಿಕ್ಕಿಬಿದ್ದ ಕೆಲವರಿಗೆ ದಂಡನೆಯಾಗುತ್ತದೆ, ದಾರಿಹೋಕನಿಗೆ ರಕ್ಷಣೆ ದೊರೆಯುವುದಿಲ್ಲ. ಇದನ್ನು ನಾನು ಮಿತವ್ಯಯವೆನ್ನಲಾರೆ.

ನಮ್ಮ ದೇಶದ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಲ್ಲಿ ಮಿತಿ 30 ಮಿಲಿಗ್ರಾಂ, ಸ್ಕಾಟ್ಲೆಂಡಿಗಿಂತ ಕಠಿಣ. 2019ರ ತಿದ್ದುಪಡಿಯು ಮೊದಲ ಅಪರಾಧದ ದಂಡವನ್ನು 10,000 ರೂಪಾಯಿಗೆ ಏರಿಸಿತು. ಕಾಗದದ ಮೇಲೆ ನಮಗೆ ಕೊರತೆಯಿಲ್ಲ.

ತಪಾಸಣೆಯ ಖರ್ಚಿಗೆ ಕುಡಿಯದವನೂ ತೆರಿಗೆ ತೆರಬೇಕೆ? ತೆರಬೇಕೆಂದೇ ನನ್ನ ಅಭಿಪ್ರಾಯ. ವಾಹನವನ್ನೇರದ ನಮ್ಮ ಮುನಿಗಳೂ ಆರ್ಯಿಕೆಯರೂ ಸೂರ್ಯೋದಯವಾದೊಡನೆ ಹೆದ್ದಾರಿಯ ಅಂಚಿನಲ್ಲಿ ಬರಿಗಾಲಲ್ಲಿ ವಿಹಾರ ಮಾಡುತ್ತಾರೆ. ವಾಹನ ಬಡಿದು ತ್ಯಾಗಿಗಳು ಅಸುನೀಗಿದ ವಾರ್ತೆಗಳನ್ನು ನಾವು ಓದಿದ್ದೇವೆ. ಅವೆಲ್ಲಕ್ಕೂ ಮದ್ಯವೇ ಕಾರಣವೆನ್ನಲಾಗದು. ಆದರೆ ರಾತ್ರಿಯ ಅಮಲು ಪೂರ್ಣ ಇಳಿಯದ ಚಾಲಕನು ರಸ್ತೆಗಿಳಿಯುವುದೂ ಅದೇ ಹೊತ್ತಿನಲ್ಲಿ. ಸ್ಕಾಟ್ಲೆಂಡಿನವನ ಬೆಳಗಿನ ದೂರಿಗೆ ನನ್ನಲ್ಲಿ ಕನಿಕರ ಕಡಿಮೆಯಾಗಲು ಇದೂ ಒಂದು ಕಾರಣ. ಶನಿವಾರ ರಾತ್ರಿ ನಗರದ ವೃತ್ತಗಳಲ್ಲಿ ನಡೆಯುವ ಪರೀಕ್ಷೆಯಿಂದ ಅವನು ತಪ್ಪಿಸಿಕೊಳ್ಳುತ್ತಾನೆ. ವಿಹಾರದ ವ್ಯವಸ್ಥೆ ಮಾಡುವ ಬಸದಿ ಟ್ರಸ್ಟುಗಳು ಪೊಲೀಸ್ ಠಾಣೆಗೆ ಪತ್ರ ಬರೆಯುವಾಗ, ಜೊತೆಗೆ ಒಬ್ಬ ಪೇದೆಯನ್ನು ಕೊಡಿ ಎಂದಷ್ಟೇ ಕೇಳದೆ, ಆ ಮಾರ್ಗದಲ್ಲಿ ಬೆಳಗಿನ ಆರರಿಂದ ಎಂಟರವರೆಗೆ ಶ್ವಾಸಪರೀಕ್ಷೆ ನಡೆಸಬೇಕೆಂದೂ ಕೋರಬಹುದು.