ಕಾಂತಿಯೂ ಸತ್ತ್ವವೂ

ಲೋಕವು ಮನುಷ್ಯನನ್ನು ಅವನ ಕಾಂತಿಯಿಂದ ಅಳೆಯುವುದು ರೂಢಿ. ಬೆಳಗುವಾಗ ಹೊಗಳಿದ ನಾಲಗೆಯೇ ಅವನು ಮಂಕಾದೊಡನೆ ‘ಇವನ ಕಾಲ ಮುಗಿಯಿತು’ ಎಂದು ತೀರ್ಪು ಕೊಡುತ್ತದೆ. ತೋರುವ ಬೆಳಕು ಒಳಗಿನ ಸತ್ತ್ವಕ್ಕೆ ತಕ್ಕ ಅಳತೆಗೋಲೇ ಎಂಬುದು ವಿಚಾರಣೀಯ. ಇದಕ್ಕೆ ಆಕಾಶದಲ್ಲಿಯೇ ಒಂದು ದೃಷ್ಟಾಂತವುಂಟು.

ತಿಮಿಂಗಿಲವೆಂಬ ನಕ್ಷತ್ರಪುಂಜದಲ್ಲಿ ಮೀರಾ ಎಂಬ ತಾರೆಯಿದೆ. 1596ರಲ್ಲಿ ಡೇವಿಡ್ ಫಾಬ್ರಿಸಿಯಸ್ ಎಂಬ ಕ್ರೈಸ್ತ ಪಾದ್ರಿಯು ಅದು ಬೆಳಗಿ, ಕೆಲವು ವಾರಗಳಲ್ಲಿ ಕುಂದಿ, ಕಣ್ಮರೆಯಾದುದನ್ನು ಕಂಡನು; ಹೊಸದಾಗಿ ಹುಟ್ಟಿ ಅಳಿದ ತಾರೆಯೆಂದು ಬಗೆದನು. 1609ರಲ್ಲಿ ಅದು ಅದೇ ಎಡೆಯಲ್ಲಿ ಅವನಿಗೆ ಮರಳಿ ಕಾಣಿಸಿತು! 1638ರಲ್ಲಿ ಅದನ್ನು ಗಮನಿಸಿದ ಹೋಲ್ವಾರ್ಡನು, ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಅದು ಮರಳುವುದೆಂದು ಅರಿತನು. 1662ರಲ್ಲಿ ಹೆವೆಲಿಯಸನು ಅದನ್ನು ‘ಮೀರಾ’ ಎಂದು ಕರೆದನು. ಲ್ಯಾಟಿನ್ ಭಾಷೆಯಲ್ಲಿ ‘ಅದ್ಭುತ’ವೆಂದು ಅದರ ಅರ್ಥ. ಇಂದಿನ ಗಣನೆಯಂತೆ ಅದರ ಆವರ್ತನವು ಸುಮಾರು 332 ದಿನ.

ಮೀರಾ ಒಂದು ಕೆಂಪು ದೈತ್ಯತಾರೆ. ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅದರ ಹೊರಪದರವು ತಂಪಾದಾಗ ಅಲ್ಲಿ ಟೈಟಾನಿಯಂ ಆಕ್ಸೈಡಿನ ಅಣುಗಳು ಹೆಚ್ಚಿ, ಕಣ್ಣಿಗೆ ಕಾಣುವ ಬೆಳಕನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಆ ಬೆಳಕು ನೂರಾರು ಪಟ್ಟು ಕುಂದುತ್ತದೆ. ಆದರೆ ತಾರೆಯ ಶಕ್ತಿಯ ಬಹುಭಾಗವು ಕಣ್ಣಿಗೆ ನಿಲುಕದ ಅವಕೆಂಪು ಕಿರಣಗಳಾಗಿ ಹೊರಹೊಮ್ಮುತ್ತದೆ. ಅವುಗಳಲ್ಲಿ ಏರಿಳಿತವು ಕಾಣುವ ಬೆಳಕಿನದಕ್ಕಿಂತ ಬಹಳ ಕಡಮೆ. ‘ನಂದಿತು’ ಎಂದು ನಾವು ಹೇಳುವ ರಾತ್ರಿಯಲ್ಲಿಯೂ ಅದು ತನ್ನ ತಾಪವನ್ನು ಸುರಿಸುತ್ತಲೇ ಇರುತ್ತದೆ. ಕೊರತೆಯಿರುವುದು ಬಹುಮಟ್ಟಿಗೆ ನೋಡುವ ಕಣ್ಣಿನಲ್ಲಿ.

ಮನುಷ್ಯರ ವಿಷಯವೂ ಇದಕ್ಕಿಂತ ಬಹಳ ಬೇರೆಯಲ್ಲ. ರೋಗದಿಂದಲೋ ಶೋಕದಿಂದಲೋ ವಾರ್ಧಕ್ಯದಿಂದಲೋ ಮಾತು ಕಡಮೆಯಾದವನನ್ನು ನಿಸ್ಸತ್ತ್ವನೆಂದು ಬಿಡುತ್ತೇವೆ. ಅವನ ಅಕ್ಕರೆ, ಸಹನೆ, ಮೌನವಾದ ದುಡಿಮೆ ಇವು ಸಭೆಯಲ್ಲಿ ಹೊಳೆಯುವ ಗುಣಗಳಲ್ಲ. ಹತ್ತಿರವಿದ್ದು ಬೆಚ್ಚಗಾದವನಿಗೆ ಮಾತ್ರ ಅವುಗಳ ಅರಿವು.

ಇಲ್ಲಿ ಒಂದು ಆಕ್ಷೇಪ ಬರಬಹುದು: ಹಾಗಾದರೆ ಏನನ್ನೂ ಮಾಡದ ಸೋಮಾರಿಯೂ ‘ನನ್ನ ಶಕ್ತಿ ಕಾಣದಂತಿದೆ’ ಎಂದು ತಪ್ಪಿಸಿಕೊಳ್ಳಲಾರನೆ? ಆಕ್ಷೇಪವು ನ್ಯಾಯವಾದುದೇ. ಮೀರಾ ತಾರೆಯ ಕಾಣದ ಶಕ್ತಿಯನ್ನು ಯಾರೂ ಬರಿಯ ನಂಬಿಕೆಯಿಂದ ಒಪ್ಪಿದುದಲ್ಲ, ತಕ್ಕ ಉಪಕರಣದಿಂದ ಅಳೆದು ಒಪ್ಪಿದರು. ಹಾಗೆಯೇ ಗುಪ್ತವಾದ ಗುಣವೂ ತನ್ನ ಫಲದಿಂದ ಸಾಬೀತಾಗತಕ್ಕದ್ದು. ತಾಪವೇ ಇಲ್ಲದ ಕಡೆ ಅದನ್ನು ಕಲ್ಪಿಸುವುದು ಔದಾರ್ಯವಲ್ಲ, ಭ್ರಾಂತಿ. ಆದರೆ ಅಳೆಯುವುದಕ್ಕೆ ಮೊದಲೇ ಇಲ್ಲವೆನ್ನುವುದು ಅನ್ಯಾಯ.

ಆದುದರಿಂದ ವಿವೇಕಿಗೆ ಎರಡು ಕರ್ತವ್ಯಗಳು. ಮೊದಲನೆಯದು ಕಾಯುವುದು: ಒಂದು ಋತುವಿನ ನೋಟದಿಂದ ಒಂದು ಬಾಳನ್ನು ನಿರ್ಣಯಿಸದಿರುವುದು. ಎರಡನೆಯದು ಅಳತೆಗೋಲನ್ನೇ ಪರೀಕ್ಷಿಸುವುದು. ಫಾಬ್ರಿಸಿಯಸನು ಕಂಡದ್ದು ಸುಳ್ಳಲ್ಲ. ತಾರೆ ಕಣ್ಮರೆಯಾದದ್ದು ನಿಜ. ಕಾಣದ್ದನ್ನು ಅಳಿಯಿತೆಂದು ಎಣಿಸಿದ್ದಷ್ಟೇ ತಪ್ಪು. ಕತ್ತಲಾದ ಎಡೆಯ ಕಡೆಗೆ ಮತ್ತೊಮ್ಮೆ ಕಣ್ಣೆತ್ತಿದವನಿಗೇ ಆ ತಪ್ಪು ತಿದ್ದಿಕೊಳ್ಳುವ ಭಾಗ್ಯ.